ಹಗ್ಗದ ಕೊನೆಯ ಕೈ

ದೊಡ್ಡಕ್ಕ ಸಿಕ್ಕಿಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ಕದ್ದದ್ದೇನೂ ಇಲ್ಲ. ಪಾರ್ಕಿನ ಸಾಮಾನು ಕೋಣೆಯಲ್ಲಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ನೀರಾಟದ ಹಲಗೆಗೆ ಜೋಡಿಸಿದ ಬೂಟಿನೊಳಕ್ಕೆ ತನ್ನ ಬಲಗಾಲನ್ನು ತೂರಿಸಲು ನೋಡುತ್ತಿದ್ದಳು, ಅಷ್ಟೆ. ಪಕ್ಕದಲ್ಲಿ ಇನ್ನೂ ನಾಲ್ಕು ಹಲಗೆ ಬಿದ್ದಿದ್ದವು. ಅಂದರೆ ಸಣ್ಣ ಅಳತೆಯಿಂದ ಶುರುಮಾಡಿ, ಒಂದೊಂದೇ ಹಾಕಿ ನೋಡಿ, ಈಗ ಗಂಡಸರ ದೊಡ್ಡ ಬೂಟಿಗೆ ಬಂದು ನಿಂತಿದ್ದಳು.

ಬಾಗಿಲಲ್ಲಿ ಚಿಕ್ಕಕ್ಕ. ತೋಳಿನ ತುಂಬ ಒದ್ದೆ ರಬ್ಬರ್ ಅಂಗಿಗಳ ಹೊರೆ.

"ಏನಕ್ಕ ಇದು?"

"ಹೊಲಿಗೆ ಬಿಟ್ಟಿದೆಯಾ ಅಂತ ನೋಡ್ತಿದ್ದೆ."

"ಬೂಟಿಗೆ ಎಲ್ಲಿಯ ಹೊಲಿಗೆ? ಅದಕ್ಕೆ ಅಂಟು ಹಾಕಿರ್ತಾರೆ."

"ಅಂಟು ಬಿಟ್ಟಿದೆಯಾ ಅಂತ ನೋಡ್ತಿದ್ದೆ ಅಂತಿಟ್ಕೋ. ನಿಂಗೇನು ಕಷ್ಟ?"

ಚಿಕ್ಕಕ್ಕ ಹೊರೆ ಇಳಿಸಿ ಆ ಕಾಲು ನೋಡಿದಳು. ಪಾದ ಒಳಗೆ ಹೋಗಿರಲಿಲ್ಲ. ಹೋಗುವಂಥ ಪಾದವೇ ಅಲ್ಲ ಅದು. ಮೂರು ಬೆರಳು ಇಲ್ಲ. ಉಳಿದೆರಡು ಒಂದರ ಬೆನ್ನ ಮೇಲೊಂದು ಹತ್ತಿ ಕೂತಿವೆ. ನಡುವಿನ ಮೂಳೆ ಕೂಡಿಕೊಳ್ಳುವಾಗ ಗೂನು ಬಿಟ್ಟಿದೆ.

ಇವರಿಬ್ಬರೂ ವಾರಗಿತ್ತಿಯರು. ಗಂಡಂದಿರು ಅಣ್ಣತಮ್ಮಂದಿರು, ಲಾರಿ ಓಡಿಸುವವರು, ಮನೆಯಲ್ಲಿ ಇದ್ದ ದಿನಕ್ಕಿಂತ ಇಲ್ಲದ ದಿನವೇ ಹೆಚ್ಚು. ಎರಡು ಕೋಣೆ, ಒಂದು ಒಲೆಯ ಆ ಮನೆಯನ್ನು ಮೂವತ್ತು ವರ್ಷ ಎಳೆದುಕೊಂಡು ಬಂದದ್ದು ಈ ಇಬ್ಬರೇ. ಒಂದೇ ಒಲೆಯ ಮೇಲಿನ ಎರಡು ಪಾತ್ರೆ ತಾಗದೆ ಇರುತ್ತವೆಯೆ? ಉಪ್ಪು ಹೆಚ್ಚಾಯಿತು ಅನ್ನುವುದಕ್ಕೆ ಮೂರು ದಿನ ಮಾತು ಬಿಟ್ಟವರು, ನಾಲ್ಕನೆಯ ದಿನ ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಕೂತು ತಲೆ ಬಾಚಿಕೊಡುವವರು. ಹಿರಿಯವಳಿಗೆ ಈಗ ಐವತ್ತೇಳು, ಕಿರಿಯವಳಿಗೆ ಐವತ್ತೊಂದು. ಪಾರ್ಕಿನಲ್ಲಿ ಎಲ್ಲರ ಬಾಯಲ್ಲೂ ದೊಡ್ಡಕ್ಕ, ಚಿಕ್ಕಕ್ಕ.

ಪಾರ್ಕು ಅಂದರೆ ಕೇಬಲ್ ಪಾರ್ಕು. ನೀರಿನ ಸುತ್ತ ಐದು ಕಂಬ. ಮೇಲೆ ಉಕ್ಕಿನ ಹಗ್ಗ ದಿನವಿಡೀ ಸುತ್ತುತ್ತಿರುತ್ತದೆ. ಅದರಿಂದ ಇಳಿಬಿಟ್ಟ ಇನ್ನೊಂದು ಹಗ್ಗದ ತುದಿಗೆ ಒಂದು ಹಿಡಿ. ಅದನ್ನು ಹಿಡಿದುಕೊಂಡರೆ, ಕಾಲಿಗೆ ಬಿಗಿದ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರಿಕೊಂಡು ಹೋಗಬಹುದು. ಹೊಸಬರು ಕಲಿಯಲೆಂದು ಒಂದು ಮಗ್ಗುಲಲ್ಲಿ ಎರಡೇ ಕಂಬದ ಬೇರೆ ಸಾಲು, ಆ ಕಂಬದಿಂದ ಈ ಕಂಬಕ್ಕೆ. ಜನ ದುಡ್ಡು ಕೊಟ್ಟು ಬಂದು ಇಲ್ಲಿ ಬೀಳುತ್ತಾರೆ. ಬಿದ್ದವರನ್ನು ತೇಲಿಸುವ ಜಾಕೆಟ್ಟಿನ ಹರಿದ ಪಟ್ಟಿಗಳನ್ನು ದೊಡ್ಡಕ್ಕ ಮಿಷನ್ನಿನಲ್ಲಿ ಹೊಲಿಯುತ್ತಾಳೆ. ಅವರು ಬಿಚ್ಚಿ ಎಸೆದ ರಬ್ಬರ್ ಅಂಗಿಗಳನ್ನು ಚಿಕ್ಕಕ್ಕ ತೊಟ್ಟಿಯಲ್ಲಿ ತಿರುವಿಹಾಕಿ ಒಗೆಯುತ್ತಾಳೆ. ದೊಡ್ಡ ಕಾರಿನಲ್ಲಿ ಬಂದವನ ಅಂಗಿಯೋ, ಬಸ್ಸಿನಲ್ಲಿ ಬಂದವನದೋ, ಉಚ್ಚೆಯ ವಾಸನೆ ಒಂದೇ ಅಂತ ಪ್ರಮಾಣ ಮಾಡಿ ಹೇಳಬಲ್ಲಳು.

ಈ ನೀರು ಯಾವ ಹೊಳೆಯದೂ ಅಲ್ಲ. ಇದು ಕಲ್ಲಿನ ಕ್ವಾರಿ. ಒಂಬತ್ತು ವರ್ಷದ ಹಿಂದೆ ತಳದಲ್ಲಿ ಬುಗ್ಗೆ ಎದ್ದು, ಪಂಪು ಸೋತು, ಮಾಲೀಕ ಯಂತ್ರ ಕಿತ್ತುಕೊಂಡು ಹೋದ. ಕೆಲಸದವರಿಗೆ ಒಂದು ಮಾತು ಹೇಳುವ ಪುರುಸೊತ್ತು ಅವನಿಗಿರಲಿಲ್ಲ. ಬೆಳಿಗ್ಗೆ ಬುತ್ತಿ ಹಿಡಿದು ಬಂದವರು ಗೇಟಿಗೆ ಹಾಕಿದ ಬೀಗ ನೋಡಿ ಬುತ್ತಿ ಸಮೇತ ವಾಪಸು ಹೋದರು. ಗುಂಡಿ ತುಂಬಿತು. ಯಾರೋ ಕೊಂಡರು, ಕಂಬ ನೆಟ್ಟರು, ದಡಕ್ಕೆ ಹುಲ್ಲು ಹಾಸಿದರು. ನೀರಿನ ಅಡಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬಂಡೆ ಹಾಗೇ ಇದೆ. ಯಾವ ಮೆಟ್ಟಿಲನ್ನು ಯಾರು ಕಡಿದರು ಅಂತ ಹೇಳಬಲ್ಲವರು ಆ ಪಾರ್ಕಿನಲ್ಲಿ ಇಬ್ಬರೇ. ಒಬ್ಬಳು ಹೊಲಿಯುತ್ತಾಳೆ, ಒಬ್ಬಳು ಒಗೆಯುತ್ತಾಳೆ.

ಆ ಕಾಲದಲ್ಲಿ ಮೇಲಿನ ಅಂಚಿಗೆ ಒಂದು ರಾಟೆ ಇತ್ತು. ಕೆಳಗಿನ ಮೆಟ್ಟಿಲಲ್ಲಿ ಕಬ್ಬಿಣದ ತೊಟ್ಟಿಗೆ ಕಲ್ಲು ತುಂಬುವವರು. ಮೇಲೆ ಹಗ್ಗ ಎಳೆಯುವ ಆರು ಹೆಂಗಸರ ಸಾಲು. ಮೋಟಾರಿಗಿಂತ ಹೆಂಗಸರ ತೋಳು ಅಗ್ಗ ಅಂತ ಮಾಲೀಕ ಕಂಡುಕೊಂಡಿದ್ದ. ಸಾಲಿಗೆ ಒಂದೇ ಕಾನೂನು: ಚೇಳು ಕಚ್ಚಲಿ, ಮರದಡಿ ಮಲಗಿಸಿದ ಮಗು ಅಳಲಿ, "ಇಳಿಸು" ಅನ್ನುವ ಕೂಗು ಬರುವ ತನಕ ಕೈ ಬಿಡಬಾರದು. ಜಗಳದಲ್ಲಿ ಒಬ್ಬಳು ಇನ್ನೊಬ್ಬಳ ಅಪ್ಪ ಅಮ್ಮನ ಹುಟ್ಟು ಜಾಲಾಡಿದರೂ ಸಂಜೆಗೆ ರಾಜಿಯಾಗುತ್ತಿತ್ತು. "ಹಗ್ಗ ಬಿಟ್ಟವಳು" ಅಂದರೆ ಮಾತ್ರ ಆಗುತ್ತಿರಲಿಲ್ಲ.

ಇಪ್ಪತ್ತಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಸಾಲಿನಲ್ಲಿ ನಾಲ್ಕೇ ಜನ ಇದ್ದರು. ಇಬ್ಬರನ್ನು ಮಾಲೀಕ ತನ್ನ ಮನೆಯ ಅಂಗಳ ಗುಡಿಸಲು ಕಳಿಸಿದ್ದ. ಸಾಲಿನ ಕೊನೆಯಲ್ಲಿ ಚಿಕ್ಕಕ್ಕ. ಕೊನೆಯವಳ ಕೆಲಸ ಹಗ್ಗವನ್ನು ಸೊಂಟಕ್ಕೆ ಒತ್ತಿ ಹಿಡಿದು ಭಾರ ನಿಲ್ಲಿಸುವುದು. ಅಂಗೈಯ ಬೊಕ್ಕೆ ಒಡೆದು ಹಗ್ಗ ಜಾರುತ್ತಿತ್ತು. ಬಲಗೈ ತೆಗೆದು ಬಟ್ಟೆಗೆ ಒರೆಸಿಕೊಂಡಳು. ಒಂದೇ ಕೈ, ಒಂದು ಉಸಿರಿನಷ್ಟು ಹೊತ್ತು. ತೊಟ್ಟಿ ಗಕ್ಕನೆ ಇಳಿದು, ಓರೆಯಾಗಿ, ಒಂದು ಕಲ್ಲು ಉರುಳಿತು. ಕೆಳಗೆ ತೊಟ್ಟಿ ತುಂಬಿ ನಿಂತಿದ್ದವಳು ದೊಡ್ಡಕ್ಕ.

ವಿಚಾರಣೆಗೆ ಬಂದವರಿಗೆ ಒಂದು ಹೆಸರು ಬೇಕಿತ್ತು. "ಯಾರು ಬಿಟ್ಟಿದ್ದು ಹೇಳಿ. ಉಳಿದ ಮೂವರು ನಾಳೆಯಿಂದ ಕೆಲಸಕ್ಕೆ ಬನ್ನಿ." ನಾಲ್ವರೂ ಒಂದೇ ಮಾತು ಹೇಳಿದರು: "ಹಗ್ಗ ಹಳೇದು. ಜಾರ್ತು." ಗೇಟಿನ ಮುಂದೆ ಹತ್ತೊಂಬತ್ತು ದಿನ ಕೂತರು, ಬಿಸಿಲಲ್ಲಿ ಬೆಂದರು, ಪೊಲೀಸರ ದೊಣ್ಣೆಯೇಟು ತಿಂದರು, ಮಾತು ಬದಲಿಸಲಿಲ್ಲ. ಕೊನೆಗೆ ಆಸ್ಪತ್ರೆಯ ಖರ್ಚೂ ಬಂತು, ಹೊಸ ಹಗ್ಗವೂ ಬಂತು. ಹಗ್ಗ ನಿಜಕ್ಕೂ ಹಳೆಯದೇ ಆಗಿತ್ತು, ಆದ್ದರಿಂದ ಗೇಟಿನ ಮುಂದೆ ಆ ಮಾತಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಚಿಕ್ಕಕ್ಕ ಆಸ್ಪತ್ರೆಯಲ್ಲಿ ದೊಡ್ಡಕ್ಕನ ಮಂಚದ ಪಕ್ಕ ಕೂತು ಅದನ್ನೇ ಹೇಳಿದಾಗ ಅದು ಸುಳ್ಳಾಯಿತು. ದೊಡ್ಡಕ್ಕ "ಹೂಂ" ಅಂದಿದ್ದಳು. ಆಮೇಲೆ ಇಬ್ಬರೂ ಆ ಸುದ್ದಿ ಎತ್ತಲಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ದೊಡ್ಡಕ್ಕ ಏಳುವ ಮೊದಲೇ ಅವಳ ಬಲಗಾಲಿನ ಶೂಸಿಗೆ ಹತ್ತಿ ತುರುಕಿ, ಬೆರಳಿಂದ ಒತ್ತಿ ಹದಮಾಡಿ, ಬಾಗಿಲಲ್ಲಿ ಜೋಡಿಸಿಡುವುದು ಚಿಕ್ಕಕ್ಕನ ಕೆಲಸ. ಯಾರೂ ಹೇಳಿದ್ದಲ್ಲ.

ಆ ಪಾದ ಈಗ ಸಾಮಾನು ಕೋಣೆಯಲ್ಲಿ, ಬೂಟಿನ ಬಾಯಿಗೆ ಸಿಕ್ಕಿಕೊಂಡು ಕೂತಿತ್ತು.

"ಹೋಗ್ಬೇಕು ಅನ್ಸಿತಾ ಅಕ್ಕ?"

"ಅನ್ಸಿತು." ದೊಡ್ಡಕ್ಕ ಕಾಲು ಕಿತ್ತುಕೊಂಡಳು. "ಹನ್ನೆರಡು ವರ್ಷ ಈ ಗುಂಡಿಗೆ ಇಳಿದೆ ಹತ್ತಿದೆ. ಒಂದು ದಿನಾನೂ ತಲೆ ಮೇಲೆ ಏನಾದ್ರೂ ಹೊರದೆ ಓಡಾಡಿದ್ದಿಲ್ಲ. ಒಂದ್ಸಲ ಬರೀ ತಲೇಲಿ ಇದರ ಮೇಲೆ ನಿಂತ್ಕೊಂಡು ಹೋಗೋಣ ಅಂತ. ಕಾಲು ಒಲ್ಲೆ ಅಂತು. ಬಿಡು."

"ನಾನು ಹೋಗ್ತೀನಿ."

"ನೀನಾ? ಸ್ನಾನದ ನೀರು ಒಂಚೂರು ತಣ್ಣಗಿದ್ರೆ ಮನೆ ಮಂದಿಯನ್ನೆಲ್ಲ ಎಬ್ಬಿಸೋಳು ನೀನು."

"ನೀನು ದಡದಲ್ಲಿ ಕೂತು ನೋಡು. ನಿನ್ನ ಪಾಲಿಗೂ ನಾನೇ ನಿಲ್ತೀನಿ."

ಇಷ್ಟು ಬಾಯಿಬಿಟ್ಟು ಹೇಳಿದ್ದು. ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. ನೀರಿನ ಮೇಲೆ ನಿಂತು ಬಂದು, ದಡ ಹತ್ತಿ, ಹಗ್ಗ ಬಿಟ್ಟವಳು ನಾನೇ ಅಂತ ಹೇಳಿಬಿಡಬೇಕು. ಇಷ್ಟು ವರ್ಷ ಹೇಳಲಾಗದ್ದು ಕೊಡಲು ಕೈಯಲ್ಲಿ ಏನೂ ಇಲ್ಲದ್ದರಿಂದ. ಒಂದು ಸಲ ನಿಂತು ತೋರಿಸಿದರೆ ಅದನ್ನು ಕೊಟ್ಟು ಇದನ್ನು ಹೇಳಬಹುದು. ಹೇಳಿದ ಮೇಲೆ ಮನೆಯಲ್ಲಿ ಒಲೆ ಒಂದೇ ಇರುತ್ತದೋ ಎರಡಾಗುತ್ತದೋ, ಅದು ಅಕ್ಕನಿಗೆ ಬಿಟ್ಟದ್ದು.

ಸೋಮವಾರ ಪಾರ್ಕಿಗೆ ರಜೆ. ಕೆಲಸದವರು ಅವತ್ತು ಬೇಕಾದರೆ ಪುಕ್ಕಟೆ ಆಡಬಹುದು ಅಂತ ನಿಯಮವಿದೆ. ಒಗೆಯುವವರು, ಹೊಲಿಯುವವರು ಅದನ್ನು ತಮಗೂ ಬರೆದದ್ದು ಅಂತ ಓದಿಕೊಂಡಿರಲಿಲ್ಲ, ಅಷ್ಟೆ. ಮುಂದಿನ ಸೋಮವಾರ ಇಬ್ಬರೂ ಲಿಫ್ಟಣ್ಣನ ಮುಂದೆ ಹೋಗಿ ನಿಂತರು. ಕೇಬಲ್ಲಿನ ಗುಂಡಿ ಒತ್ತುವವನು ಅವನು. ಹಿಂದೆ ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟು ನೋಡಿಕೊಂಡಿದ್ದನಂತೆ. "ಹದಿನೈದು ವರ್ಷ ಜನರನ್ನ ಮೇಲೆ ಕೆಳಗೆ ಮಾಡಿದೆ, ಈಗ ಹಿಂದೆ ಮುಂದೆ ಮಾಡ್ತೀನಿ" ಅನ್ನುತ್ತಾನೆ. ಹೊಟ್ಟೆ ಸ್ವಲ್ಪ ಮುಂದಿದೆ, ತಾಳ್ಮೆ ಅದಕ್ಕಿಂತ ಮುಂದಿದೆ.

"ಈಜು ಬರುತ್ತಾ ಚಿಕ್ಕಕ್ಕ?"

"ಕಾಲುವೇಲಿ ಎಮ್ಮೆ ಮೈ ತೊಳೀತಾ ಕಲ್ತಿದ್ದು."

"ಎಮ್ಮೆ ಬಾಲ ಹಿಡಿದಿದ್ರೆ ಸಾಕು. ಇದೂ ಹಂಗೇ."

ರಬ್ಬರ್ ಅಂಗಿ ಹಾಕುವುದೇ ಒಂದು ಯುದ್ಧವಾಯಿತು. ಸಾವಿರ ಸಲ ಒಗೆದ ಅಂಗಿ, ಒಂದು ಸಲವೂ ತೊಟ್ಟದ್ದಲ್ಲ. ದೊಡ್ಡಕ್ಕ ಹಿಂದಿನಿಂದ ಮೊಣಕಾಲು ಕೊಟ್ಟು ಜಿಪ್ಪು ಎಳೆದಳು.

"ಉಸಿರು ಒಳಗೆ ಎಳ್ಕೋ."

"ಎಳ್ಕೊಂಡೇ ಇದ್ದೀನಿ."

"ಹಾಗಾದ್ರೆ ಇದೆಲ್ಲ ನೀನೇ. ಅಂಗಿದೇನೂ ತಪ್ಪಿಲ್ಲ."

ಜಾಕೆಟ್ಟನ್ನು ದೊಡ್ಡಕ್ಕನೇ ಆರಿಸಿ ತಂದಿದ್ದಳು. ಹಳದಿ ಜಾಕೆಟ್ಟು, ಎಲ್ಲ ಪಟ್ಟಿಗೂ ಕಪ್ಪು ನೂಲಿನ ಜೋಡಿ ಹೊಲಿಗೆ. ಹಿಂದಿನ ಇಡೀ ವಾರ ಬೇರೆ ಕೆಲಸದ ನಡುವೆ ಅದೊಂದನ್ನೇ ಬಿಚ್ಚಿ ಹೊಲಿದಿದ್ದಳು. ಕೊಕ್ಕೆ ಹಾಕಿ, ಎರಡೂ ಕೈಯಿಂದ ಜಗ್ಗಿ ನೋಡಿ, "ಹೋಗು" ಅಂದಳು.

ಲಿಫ್ಟಣ್ಣ ಎರಡು ಕಂಬದ ಸಾಲಿನ ಮರದ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಪಾಠ ಹೇಳಿದ. "ಮೊಣಕಾಲು ಎದೆಗೆ. ತೋಳು ನೇರ. ಹಗ್ಗ ಎಳೆಯುತ್ತೆ, ನೀವು ಎಳೀಬೇಡಿ. ಕುರ್ಚಿಯಿಂದ ಯಾರೋ ಕೈ ಹಿಡಿದು ಎಬ್ಬಿಸ್ತಿದ್ದಾರೆ ಅನ್ಕೊಳ್ಳಿ. ಬಿದ್ರೆ ಹಿಡಿ ಬಿಟ್ಬಿಡಿ. ಅಷ್ಟೇ."

"ಎಳೀಬಾರದು ಅಂದ್ರೆ ಹಗ್ಗ ಯಾಕೆ ಕೊಡ್ತೀರಿ?" ಅಂದಳು ಚಿಕ್ಕಕ್ಕ.

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಅಂಗಾತ ತೇಲುತ್ತ, ಹಲಗೆ ಕಟ್ಟಿದ ಕಾಲು ಮುಂದೆ ಚಾಚಿ, ಎರಡೂ ಕೈಯಲ್ಲಿ ಹಿಡಿ ಹಿಡಿದಳು. ಹಗ್ಗ ಬಿಗಿಯಾಯಿತು. ಅದು ಬಿಗಿಯಾದದ್ದೇ ತಡ, ತಲೆಯಲ್ಲಿದ್ದ ಪಾಠವೆಲ್ಲ ಹೋಯಿತು, ತೋಳಿನಲ್ಲಿದ್ದದ್ದು ಎದ್ದಿತು. ಹಿಮ್ಮಡಿ ಒತ್ತಿ, ಹಿಂದಕ್ಕೆ ವಾಲಿ, ಹಗ್ಗವನ್ನು ಸೊಂಟಕ್ಕೆ ಎಳೆದುಕೊಂಡಳು. ಕೇಬಲ್ಲಿಗೆ ಮೋಟಾರಿದೆ, ಅದು ಯಾರ ಮಾತೂ ಕೇಳುವುದಿಲ್ಲ. ಚಿಕ್ಕಕ್ಕ ಮುಖ ಅಡಿಯಾಗಿ ಬಿದ್ದಳು. ಬಿದ್ದವಳು ಬಿಡಲಿಲ್ಲ. ಹಲಗೆ ಅಡ್ಡಾಗಿ, ಮೂಗು ಬಾಯಿಗೆಲ್ಲ ನೀರು ನುಗ್ಗಿ, ನೇಗಿಲು ಹೂಡಿದ ಹಾಗೆ ನೀರು ಸೀಳಿಕೊಂಡು ಇಪ್ಪತ್ತು ಮಾರು ಹೋದಳು. ಲಿಫ್ಟಣ್ಣ ಗುಂಡಿ ಒತ್ತಿ ಕೇಬಲ್ಲು ನಿಲ್ಲಿಸಿದ. ಆಗಲೂ ಹಿಡಿ ಕೈಯಲ್ಲೇ ಇತ್ತು.

"ಬಿಡಬೇಕು ಚಿಕ್ಕಕ್ಕ. ಬಿದ್ದ ತಕ್ಷಣ ಬಿಡಬೇಕು."

"ಹೂಂ ಹೂಂ, ಗೊತ್ತಾಯ್ತು."

ಎರಡನೆಯ ಸಲ ಎಳೆಯಲಿಲ್ಲ, ಅದೊಂದು ಕಲಿತಿದ್ದಳು. ಅರ್ಧ ಎದ್ದಳು ಕೂಡ. ಎದ್ದು, ಸೊಂಟ ಹಿಂದೆ ಹೋಗಿ, ಬಿದ್ದಳು. ಮತ್ತೆ ಬಿಡಲಿಲ್ಲ. ಈ ಸಲ ಲಿಫ್ಟಣ್ಣ ಕೇಬಲ್ಲು ನಿಲ್ಲಿಸುವಷ್ಟರಲ್ಲಿ ನೀರಿನ ಮೇಲೆ ಬರೀ ಎರಡು ಮುಷ್ಟಿ ಕಾಣುತ್ತಿದ್ದವು. ಬೂಟು ಬಿಚ್ಚಿ ಅವಳನ್ನು ಕಟ್ಟೆಗೆ ಎಳೆದು ಹಾಕಿ, ಅವನು ಬೆವರು ಒರೆಸಿಕೊಂಡ.

"ಇಷ್ಟು ವರ್ಷದಲ್ಲಿ ಹಿಡಿ ಹಿಡಿಯೋಕಾಗದೆ ಬಿದ್ದವರನ್ನ ನೋಡಿದ್ದೀನಿ. ಬಿಡೋಕಾಗದೆ ಮುಳುಗಿದವರನ್ನ ನೋಡಿರಲಿಲ್ಲ. ಇನ್ನೊಂದ್ಸಲ ಹೀಗಾದ್ರೆ ನಾನು ಗುಂಡಿ ಒತ್ತಲ್ಲ." ಟೀ ತರುತ್ತೇನೆ ಅಂತ ಹೇಳಿ ಆಫೀಸಿನ ಕಡೆ ಹೋದ.

ದೊಡ್ಡಕ್ಕ ಊರುಗೋಲು ಬದಿಗಿಟ್ಟು ಕಟ್ಟೆಯ ಮೇಲೆ ಪಕ್ಕ ಕೂತು, ಟವೆಲ್ಲಿನ ತುದಿಯಿಂದ ಅವಳ ಮೂಗು ಒರೆಸಿದಳು, ಮಕ್ಕಳಿಗೆ ಒರೆಸಿದ ಹಾಗೆ.

"ಯಾಕೆ ಬಿಡಲ್ಲ ನೀನು?"

"ಆಗಲ್ಲ."

"ಆಗಲ್ಲ ಅಂದ್ರೆ?"

ಹೇಳಬೇಕೆಂದಿದ್ದದ್ದು ನಿಂತು ಬಂದ ಮೇಲೆ. ಈಗ ನೋಡಿದರೆ ಮೂಗಿನಿಂದ ನೀರು ಸೋರುತ್ತಿದೆ, ಕೈಯಲ್ಲಿ ಕೊಡುವುದಕ್ಕೆ ಏನೂ ಇಲ್ಲ. ಆದರೆ ಮಾತು ಅದಾಗಲೇ ಬಾಯಿಗೆ ಬಂದಿತ್ತು.

"ಒಂದ್ಸಲ ಬಿಟ್ಟಿದ್ದೆ ಅಕ್ಕ."

ದೊಡ್ಡಕ್ಕ ಒರೆಸುವುದನ್ನು ನಿಲ್ಲಿಸಲಿಲ್ಲ. ಮೂಗು ಮುಗಿಸಿ ಕಿವಿಗೆ ಬಂದಳು.

"ಗೊತ್ತು."

"ಏನು ಗೊತ್ತು?"

"ಆಸ್ಪತ್ರೆಗೆ ಬಂದಾಗ ಆ ಮೂರೂ ಜನ ನನ್ನ ಕಾಲು ನೋಡಿ ಅತ್ರು. ನೀನು ಗೋಡೆ ನೋಡ್ತಾ ಕೂತಿದ್ದೆ. ಆ ಗೋಡೇಲಿ ಏನಿತ್ತು ಹೇಳು, ಹಾಳು ಬಿಳೀ ಸುಣ್ಣ. ಆವತ್ತೇ ಗೊತ್ತಾಯ್ತು."

ಚಿಕ್ಕಕ್ಕ ಟವೆಲ್ಲಿನ ಕೈಯನ್ನು ಪಕ್ಕಕ್ಕೆ ಸರಿಸಿದಳು. "ಗೊತ್ತಿದ್ದೂ ಇಷ್ಟು ವರ್ಷ ಕೇಳ್ಲಿಲ್ಲ ನೀನು."

"ಕೇಳಿದ್ರೆ ನಾನೂ ಹೇಳ್ಬೇಕಾಗ್ತಿತ್ತು." ದೊಡ್ಡಕ್ಕ ಟವೆಲ್ಲು ಹಿಂಡಿದಳು. "ಮೇಲಿಂದ ಕೂಗಿ ಹೇಳಿದ್ರು, ಇವತ್ತು ನಾಲ್ಕೇ ಜನ, ಹನ್ನೆರಡೇ ಕಲ್ಲು ಹಾಕು ಅಂತ. ಹದಿನೆಂಟು ಹಾಕಿದೆ. ಆರು ಜನಕ್ಕೆ ಹಾಕೋ ಅಷ್ಟು."

"ಯಾಕೆ?"

"ಬೇಗ ಮುಗಿಸಿ ಕೂತ್ಕೊಳ್ಳೋಣ ಅಂತ."

"ಅಂಥ ಅವಸರ ಏನಿತ್ತು?"

ದೊಡ್ಡಕ್ಕ ನೀರಿನ ಕಡೆ ನೋಡಿದಳು. ಹೇಳಲೋ ಬೇಡವೋ ಅಂತ ತುಟಿ ಕಚ್ಚಿಕೊಂಡು, ಕೊನೆಗೆ ಹೇಳಿದಳು.

"ಕಾಲು ನೋಯ್ತಿತ್ತು."

ಚಿಕ್ಕಕ್ಕನ ಮೂಗಿನಿಂದ ಉಳಿದ ನೀರೂ ನಗುವೂ ಒಟ್ಟಿಗೆ ಹೊರಬಂದವು. ದೊಡ್ಡಕ್ಕ "ನಗಬೇಡ್ವೇ, ನಗಬೇಡ" ಅನ್ನುತ್ತಲೇ ತಾನೂ ಹೊಟ್ಟೆ ಹಿಡಿದುಕೊಂಡಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತು ಅಂತ ಅವರಿಗೂ ತಿಳಿಯಲಿಲ್ಲ. ಆ ಟವೆಲ್ಲು ಮಾತ್ರ ಇಬ್ಬರಿಗೂ ಸಾಕಾಗಲಿಲ್ಲ.

"ಆದ್ರೂ ಕೈ ತೆಗೆದೋಳು ನಾನು. ತಪ್ಪು ನಂದೇ."

"ಕಲ್ಲು ಹೇರಿದೋಳು ನಾನು. ಎಲ್ಲದರಲ್ಲೂ ನಿಂದೇ ಮುಂದು, ಇದರಲ್ಲೂನಾ?"

"ಹೇರಿದ್ರೂ ನಾನು ಹಿಡ್ಕೊಂಡಿದ್ರೆ ಬೀಳ್ತಿರಲಿಲ್ಲ."

"ಸಾಕು ಸುಮ್ಮನಿರು." ದೊಡ್ಡಕ್ಕನ ದನಿ ಗಟ್ಟಿಯಾಯಿತು. "ಇಬ್ಬರನ್ನ ಅಂಗಳ ಗುಡಿಸೋಕೆ ಕಳಿಸಿದನಲ್ಲ, ಹಳೇ ಹಗ್ಗದಲ್ಲಿ ನಮ್ಮನ್ನ ಎಳೆಸಿದನಲ್ಲ, ಅವನು ಆವತ್ತೂ ಹೊಟ್ಟೆ ತುಂಬ ಉಂಡು ಮಲಗಿದ. ನಾವು ಮುಂಡೇವು ಇಪ್ಪತ್ತಮೂರು ವರ್ಷದಿಂದ ಅವನ ತಪ್ಪನ್ನ ಹಂಚ್ಕೊಂಡು ತಿಂತಾ ಇದ್ದೀವಿ. ಅದೂ ಒಬ್ಬರಿಗೊಬ್ಬರು ಹೇಳದೆ."

ಗೇಟಿನ ಮುಂದೆ ಕೂತು ಚಿಕ್ಕಕ್ಕ ಕೂಗಿದ್ದೂ ಅದನ್ನೇ. ಮನೆಗೆ ಬರುವಾಗ ಅದನ್ನು ಗೇಟಿನಲ್ಲೇ ಮರೆತು ಬಂದಿದ್ದಳು.

ಲಿಫ್ಟಣ್ಣ ಮೂರು ಲೋಟ ಟೀ ತಂದ. ಇಬ್ಬರ ಕೆಂಪು ಕಣ್ಣು ನೋಡಿ, "ನೀರಲ್ಲಿ ಔಷಧಿ ಜಾಸ್ತಿಯಾಗಿದೆ ಅನ್ಸುತ್ತೆ" ಅಂದ. ಜಾಣ.

"ಇನ್ನೊಂದ್ಸಲ ಹೋಗ್ತಾಳೆ," ಅಂದಳು ದೊಡ್ಡಕ್ಕ.

"ಬಿಡ್ತಾರಾ?"

"ನಾನು ಬಿಡಿಸ್ತೀನಿ."

ಮೂರನೆಯ ಸಲ ಹಗ್ಗ ಬಿಗಿಯಾದಾಗ ಚಿಕ್ಕಕ್ಕ ತೋಳು ಚಾಚಿ ಸುಮ್ಮನಿದ್ದಳು. ಹಲಗೆಯ ಅಡಿಯಲ್ಲಿ ನೀರು ಗಟ್ಟಿಯಾಗುತ್ತ ಬಂತು. ಮೊಣಕಾಲು ತಾನಾಗಿ ಬಿಚ್ಚಿಕೊಂಡಿತು. ನೋಡಿದರೆ ನಿಂತಿದ್ದಾಳೆ. ಬೆನ್ನು ಬಗ್ಗಿದೆ, ಅಂಡು ಹಿಂದಿದೆ, ಬಾಯಿ ತೆರೆದಿದೆ, ಆದರೂ ನಿಂತಿದ್ದಾಳೆ. ಕೆಳಗಿನ ನೀರು ಹಸಿರಿನಿಂದ ನೀಲಿಗೆ ತಿರುಗಿತು, ಅಂದರೆ ಮೊದಲ ಮೆಟ್ಟಿಲು ದಾಟಿತು. ಮುಂದೆ ಕಪ್ಪು ನೀಲಿ. ಎರಡನೆಯ ಕಂಬದ ಹತ್ತಿರ ರಾಟೆ ಇದ್ದ ಅಂಚು, ಅದರ ನೇರ ಕೆಳಗೆ ತೊಟ್ಟಿ ತುಂಬುತ್ತಿದ್ದ ಮೆಟ್ಟಿಲು. ತಲೆಯ ಮೇಲೆ ಏನೂ ಇರಲಿಲ್ಲ. ಗಾಳಿ ಇತ್ತು.

ಅಲ್ಲಿಗೇ ಹಲಗೆಯ ಮೂಗು ನೀರಿಗೆ ಕಚ್ಚಿತು. ಚಿಕ್ಕಕ್ಕ ಮುಂದಕ್ಕೆ ಬಿದ್ದಳು. ಮುಷ್ಟಿ ಕಚ್ಚಿಕೊಂಡಿತು, ಹಗ್ಗ ಎಳೆಯಿತು, ಕಿವಿಗೆ ನೀರು ನುಗ್ಗಿತು. ಆ ನೀರನ್ನು ದಾಟಿಕೊಂಡು ದಡದಿಂದ ಒಂದು ದನಿ ಬಂತು, ಕ್ವಾರಿಯ ತಳದಿಂದ ಮೇಲಿನ ಅಂಚಿಗೆ ಮುಟ್ಟುತ್ತಿದ್ದ ಅದೇ ಹಳೆಯ ದನಿ.

"ಇಳಿಸೇ. ಇಳಿಸು."

ಬಲಗೈ ಮೊದಲು ಬಿಚ್ಚಿತು. ಆಮೇಲೆ ಎಡಗೈ.

ಹಿಡಿ ಅವಳಿಲ್ಲದೆಯೇ ನೀರಿನ ಮೇಲೆ ಕುಪ್ಪಳಿಸುತ್ತ ಹೋಯಿತು. ಜಾಕೆಟ್ಟು ಅವಳನ್ನು ಮೇಲಕ್ಕೆ ತಂದು ಅಂಗಾತ ಮಲಗಿಸಿತು. ಕೇಬಲ್ಲು ನಿಂತಿತು. ಯಾರಿಗೂ ಏನೂ ಆಗಿರಲಿಲ್ಲ. ಎರಡೂ ಅಂಗೈ ಬಿಚ್ಚಿಕೊಂಡು ನೀರಿನ ಮೇಲೆ ತೇಲುತ್ತಿದ್ದವು, ಅವಳು ಅವನ್ನೇ ನೋಡುತ್ತ ಬಿದ್ದುಕೊಂಡಳು.

ದೊಡ್ಡಕ್ಕ ಕೋಲು ಹಿಡಿಯುವುದನ್ನೂ ಮರೆತು ಕಟ್ಟೆಯ ತುದಿಗೆ ಬಂದು ನಿಂತಿದ್ದಳು.

"ಹೊಲಿಗೆ ಬಿಟ್ಟಿದೆಯಾ ನೋಡು," ಅಂತ ಕೂಗಿದಳು.

ಚಿಕ್ಕಕ್ಕ ಪಟ್ಟಿಗಳನ್ನು ತಡವಿ ನೋಡಿದಳು. "ಇಲ್ಲ ಅಕ್ಕ. ಗಟ್ಟಿಯಾಗಿದೆ. ಎಷ್ಟು ಹೊತ್ತು ನಿಂತೆ?"

"ಒಂಬತ್ತು ಎಣಿಸಿದೆ."

"ಒಂಬತ್ತನ್ನ ಹಂಚೋದು ಹೇಗೆ?"

"ಐದು ನಂಗೆ, ನಾಲ್ಕು ನಿಂಗೆ. ದೊಡ್ಡೋಳು ನಾನು."

"ನೀರು ಕುಡಿದೋಳು ನಾನು."

ದೊಡ್ಡಕ್ಕ ಒಂದು ಗಳಿಗೆ ಯೋಚಿಸಿದಳು. ಲಿಫ್ಟಣ್ಣನ ಕಡೆ ತಿರುಗಿ, ಹಿಡಿಯನ್ನು ವಾಪಸು ಕಳಿಸು ಅಂತ ಕೈಬೀಸಿ, ಮತ್ತೆ ನೀರಿಗೆ ತಿರುಗಿದಳು.

"ಹಾಗಾದ್ರೆ ಇನ್ನೊಂದ್ಸಲ ಹೋಗು. ಹತ್ತು ಮಾಡ್ಕೊಂಡು ಬಾ."